ಸೆಡೇಷನ್‌ಗೆ ಏನೆನ್ನೋಣ: ಜೊಂಪೋ, ಮಂಪರೋ, ಅರಿವಳಿಕೆಯೋ?

ಬಲ್ಲವರಲ್ಲಿ ಒಂದು ಪ್ರಶ್ನೆ. ಕೊಲೊನೋಸ್ಕೋಪಿಗೆ (ನಳಿಕೆ ತೂರಿಸಿ ದೊಡ್ಡಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆಗೆ) ಬರುವವರಿಗೆ ಕೊಡುವ ಕನ್ನಡ ಕರಪತ್ರವೊಂದನ್ನು ತಿದ್ದುತ್ತಿದ್ದೇನೆ. ಯಾವ ಬಗೆಯ ಸೆಡೇಷನ್ (ಪರೀಕ್ಷೆ ಸಹಿಸಿಕೊಳ್ಳಲೆಂದು ಮದ್ದು ಕೊಟ್ಟು ಎಚ್ಚರ ತಗ್ಗಿಸುವುದು) ಬೇಕೆಂದು ರೋಗಿಯೇ ಹೋಲಿಸಿ ನೋಡಿ ಒಪ್ಪಿಗೆಗೆ ಸಹಿ ಹಾಕಬೇಕು. ಕರಡಿನಲ್ಲಿ ಎಲ್ಲದಕ್ಕೂ ‘ಅರಿವಳಿಕೆ’ ಎಂದೇ ಇದೆ. ಅಲ್ಲಿಗೆ ಹೋಲಿಸಲು ಏನೂ ಉಳಿಯಲಿಲ್ಲ.

ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲಿ ಸೆಡೇಷನ್ನಿನ ಆಳವನ್ನು ನಾಲ್ಕು ಹಂತವಾಗಿ ವಿಂಗಡಿಸಿತು. ಮೊದಲನೆಯದರಲ್ಲಿ ಮನಸ್ಸು ಹಗುರಾಗುತ್ತದೆ, ಮಾತಿಗೆ ಮಾತು ನಡೆಯುತ್ತದೆ. ಎರಡನೆಯದರಲ್ಲಿ ಕಣ್ಣು ಮುಚ್ಚಿದ್ದರೂ ಹೆಸರು ಹಿಡಿದು ಕರೆದರೆ, ಮೆಲ್ಲಗೆ ತಟ್ಟಿದರೆ ಓಗೊಡುತ್ತಾರೆ. ಉಸಿರಿಗೆ ಯಾರ ನೆರವೂ ಬೇಡ. ಮೂರನೆಯದರಲ್ಲಿ ಮತ್ತೆ ಮತ್ತೆ ಅಲ್ಲಾಡಿಸಬೇಕು ಇಲ್ಲವೇ ನೋಯಿಸಬೇಕು. ಉಸಿರಾಟಕ್ಕೂ ನೆರವು ಬೇಕಾಗಬಹುದು. ನಾಲ್ಕನೆಯದರಲ್ಲಿ ಏನು ಮಾಡಿದರೂ ಎಚ್ಚರವಾಗದು. ‘ಅರಿವು ಅಳಿಯುವುದು’ ಎಂಬ ಮಾತು ನನ್ನ ಲೆಕ್ಕದಲ್ಲಿ ಈ ಕೊನೆಯದಕ್ಕಷ್ಟೇ ಸಲ್ಲುತ್ತದೆ.

ಜೊಂಪು ತರಿಸುವ ಮಿಡಜೋಲಾಮ್ ಜೊತೆ ನೋವು ತಗ್ಗಿಸುವ ಫೆಂಟನಿಲ್ ಕೊಟ್ಟರೆ ಸಾಮಾನ್ಯವಾಗಿ ಎರಡನೆಯ ಹಂತ. ಹೆಚ್ಚಾಯಿತೆನಿಸಿದರೆ ಎರಡಕ್ಕೂ ಇಳಿಸುಮದ್ದು ಉಂಟು: ಮಿಡಜೋಲಾಮ್‌ಗೆ ಫ್ಲುಮಜೆನಿಲ್, ಫೆಂಟನಿಲ್‌ಗೆ ನಲೋಕ್ಸೋನ್. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಬೇರೆ ಜಾತಿ. ನಿಮಿಷದೊಳಗೆ ನಿದ್ದೆ, ನಿಲ್ಲಿಸಿದ ಸ್ವಲ್ಪ ಹೊತ್ತಿಗೆಲ್ಲ ಎಚ್ಚರ. ಆದರೆ ಮೂರನೆಯ ಹಂತಕ್ಕೆ ಸುಲಭವಾಗಿ ಜಾರುತ್ತದೆ, ಅದಕ್ಕೆ ಇಳಿಸುಮದ್ದಿಲ್ಲ. ಉಸಿರಾಟದ ಮೇಲೆ ಕಣ್ಣಿಡಲು ಪಳಗಿದವರೊಬ್ಬರು ಅದೇ ಕೆಲಸಕ್ಕೆಂದು ನಿಂತಿರಬೇಕು. ನಾರ್ವೆಯಲ್ಲಿ ಏನೂ ಕೊಡದೆ ಶುರುಮಾಡಿ, ಬೇಕೆಂದವರಿಗೆ ಕೊಡುವ ರೂಢಿಯೂ ಇದೆ. ಇದೇನು ಕ್ರೌರ್ಯವಲ್ಲ. ಕರುಳಿನ ಒಳಪೊರೆಯಿಂದ ಚೂರು ತೆಗೆದರೆ ನೋಯುವುದಿಲ್ಲ. ನೋಯುವುದು ಕರುಳು ಉಬ್ಬಿದಾಗ, ಜಗ್ಗಿದಾಗ. ಗಾಳಿಯ ಬದಲು ನೀರು ಬಿಟ್ಟುಕೊಂಡು ನಳಿಕೆ ದಾಟಿಸಿದರೆ ಅದೂ ತಗ್ಗುತ್ತದೆ.

ಈಗ ಪದಗಳಿಗೆ ಬರೋಣ. ನಿಘಂಟಿನ ‘ಶಾಮಕ’, ‘ಉಪಶಾಮಕ’ ರೋಗಿಗೆ ತಲುಪುವ ಮಾತಲ್ಲ. ‘ಅರೆಪ್ರಜ್ಞಾವಸ್ಥೆ’ ಅಪಘಾತದ ಸುದ್ದಿಗೇ ಮೀಸಲಾಗಿಹೋಗಿದೆ. ಜನ ಆಡುವುದು ‘ಮತ್ತು ಬರೋ ಇಂಜೆಕ್ಷನ್’. ಮಾತಿನಲ್ಲಿ ಚೆನ್ನ, ಅಚ್ಚಿನಲ್ಲಿ ಕಷ್ಟ. ‘ನೋವಿನ ಮದ್ದು ಮತ್ತು ಮತ್ತು ಕೊಡಲಾಗುವುದು’ ಎಂಬ ವಾಕ್ಯವನ್ನು ನೀವೇ ಒಮ್ಮೆ ಓದಿ ನೋಡಿ. ‘ಮಂಪರು’ ಅರ್ಥದಲ್ಲಿ ಎಲ್ಲಕ್ಕಿಂತ ಹತ್ತಿರ, ಆದರೆ ಪತ್ರಿಕೆಗಳ ‘ಮಂಪರು ಪರೀಕ್ಷೆ’ ಅದಕ್ಕೆ ಪೊಲೀಸು ವಾಸನೆ ಹತ್ತಿಸಿಬಿಟ್ಟಿದೆ. ಒಪ್ಪಿಗೆಯಿಲ್ಲದೆ ಆ ಪರೀಕ್ಷೆ ಕೂಡದೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಕರ್ನಾಟಕ ಸರ್ಕಾರ ಎದುರುವಾದಿಯಾಗಿದ್ದ ಪ್ರಕರಣದಲ್ಲೇ. ‘ಮಂಪರಿನಲ್ಲಿ ಪರೀಕ್ಷೆ’ ಎಂದು ಬರೆದರೆ ಹಿರಿಯರು ಬೆಚ್ಚಿಬಿದ್ದಾರು. ‘ಕೋಳಿನಿದ್ದೆ’ ಎರಡನೆಯ ಹಂತಕ್ಕೆ ಎಷ್ಟು ಚೆನ್ನಾಗಿ ಕೂರುತ್ತದೆಂದರೆ ಬಿಡಲು ಮನಸ್ಸಿಲ್ಲ, ಆದರೆ ಒಪ್ಪಿಗೆ ಪತ್ರದೊಳಕ್ಕೆ ಕೋಳಿಯನ್ನು ಯಾವ ಡಾಕ್ಟರೂ ಬಿಟ್ಟುಕೊಳ್ಳರು.

ಸದ್ಯಕ್ಕೆ ನನ್ನ ಒಲವು: ಎರಡನೆಯದಕ್ಕೆ ‘ಜೊಂಪು’, ಮೂರನೆಯದಕ್ಕೆ ‘ಗಾಢ ನಿದ್ದೆ’, ನಾಲ್ಕನೆಯದಕ್ಕೆ ‘ಪೂರ್ಣ ಅರಿವಳಿಕೆ’. ಪ್ರತಿಯೊಂದರ ಕೆಳಗೂ ‘ಕರೆದರೆ ಓಗೊಡುತ್ತೀರಿ’, ‘ಕರೆದರೂ ಏಳುವುದಿಲ್ಲ’ ಎಂಬಂಥ ಒಂದು ಸಾಲು. ‘ಜೊಂಪು ಹತ್ತಿತು’ ಎನ್ನುವಾಗ ಯಾರಾದರೂ ಎಬ್ಬಿಸಬಹುದೆಂಬ ಅರ್ಥ ಒಳಗೇ ಇದೆಯಲ್ಲ!

ತೊಡಕು ಇನ್ನೊಂದಿದೆ. ಮಿಡಜೋಲಾಮ್ ಕೊಟ್ಟ ಮೇಲೆ ನಡೆದದ್ದು ನೆನಪಿನಲ್ಲಿ ನಿಲ್ಲದಿರಬಹುದು. ಪರೀಕ್ಷೆಯ ಹೊತ್ತಿನಲ್ಲಿ ‘ಅಯ್ಯೋ’ ಎಂದವರೇ ಆಮೇಲೆ ‘ಏನೂ ಆಗಲೇ ಇಲ್ಲ’ ಎನ್ನುತ್ತಾರೆ. ಕರಡಿನಲ್ಲಿರುವ ‘ನೋವು ತಿಳಿಯುವುದಿಲ್ಲ’ ಪೂರ್ತಿ ನಿಜವಲ್ಲ. ‘ನೋವಾದರೂ ನೆನಪಿರುವುದಿಲ್ಲ’ ಎಂದರೆ ನಿಜ, ಆದರೆ ಓದಿದವರು ಎದ್ದು ಮನೆಗೆ ಹೋದಾರು. ‘ನೋವು ಕಡಿಮೆ ಇರುತ್ತದೆ, ಆಮೇಲೆ ಅದು ನೆನಪಿಗೆ ಬಾರದಿರಬಹುದು’ ಎಂದು ಬಿಡಿಸಿ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದಾಗಿ, ಸುಳ್ಳಾಗದಂತೆ ಹೇಳಬಹುದೇ? ನಿಮ್ಮ ಕಡೆ ‘ಜೊಂಪು’ ಬಳಕೆಯಲ್ಲಿದೆಯೇ, ಇಲ್ಲದಿದ್ದರೆ ಏನನ್ನುತ್ತೀರಿ? ಊರಿನ ಹೆಸರು ಸೇರಿಸಿ ತಿಳಿಸಿದರೆ ಉಪಕಾರ.