ಪ್ರಶ್ನೋತ್ತರ: ಎರಡನೇ ತರಗತಿಯ ಮಗು ಓದಲು ಹಿಂಜರಿದಾಗ

(ತುಮಕೂರು ಜಿಲ್ಲೆಯ ಪೋಷಕರ ಗುಂಪಿನಲ್ಲಿ ಕಲಿಕಾ ತೊಂದರೆಗಳ ವಿಶೇಷ ಶಿಕ್ಷಕಿಯೊಬ್ಬರಿಗೆ ಕೇಳಿದ ಪ್ರಶ್ನೆಗಳು.)

ತಾಯಿ, ಪಾವಗಡ: ನಮಸ್ಕಾರ ಮೇಡಂ. ನನ್ನ ಮಗಳಿಗೆ ಏಳು ವರ್ಷ. ನಮ್ಮ ಮನೆಮಾತು ತೆಲುಗು. ಪಾಠವನ್ನು ಬೆರಳಿಟ್ಟು ಸರಾಗವಾಗಿ ಓದುತ್ತಾಳೆ, ಆದರೆ ಅದೇ ಪದವನ್ನು ಅಂಗಡಿಯ ಫಲಕದಲ್ಲಿ ತೋರಿಸಿದರೆ ಗುರುತಿಸುವುದಿಲ್ಲ. ಶಾಲೆಯಲ್ಲಿ ಗಟ್ಟಿಯಾಗಿ ಓದಿಸುವ ದಿನ ಹೊಟ್ಟೆನೋವೆಂದು ಅಳುತ್ತಾಳೆ. ಶೀತವಾದಾಗಲೆಲ್ಲ ಕಿವಿ ಸೋರುತ್ತದೆ. ಮನೆಯಲ್ಲಿ ತೆಲುಗು ನಿಲ್ಲಿಸಬೇಕೆ?

ತಂದೆ, ಶಿರಾ: ಮಗನಿಗೆ ಐದು ವರ್ಷ, ಯುಕೆಜಿ. ಇನ್ನೂ ಓದಲು ಬರುತ್ತಿಲ್ಲ.

ವಿಶೇಷ ಶಿಕ್ಷಕಿ: ಶಿರಾದವರೇ, ಐದು ವರ್ಷಕ್ಕೆ ಓದಲೇಬೇಕೆಂದಿಲ್ಲ. ದಿನವೂ ಕಥೆ ಓದಿ ಹೇಳಿ.

ಪಾವಗಡದ ತಾಯಿಯವರೇ, ನೀವು ಕೊನೆಯಲ್ಲಿ ಬರೆದ ಕಿವಿಯ ಸಂಗತಿಯೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದೆ. ಕಿವಿ ಸೋರುವ ಮಗುವಿಗೆ ಮಾತು ಕೇಳಿಸಿದರೂ ತ ಮತ್ತು ದ, ಪ ಮತ್ತು ಬ ನಡುವಿನ ವ್ಯತ್ಯಾಸ ಮಸುಕಾಗಿರಬಹುದು. ಕಿವಿಗೆ ಬೇರೆಯಾಗಿ ಕೇಳಿಸದ ಧ್ವನಿಗೆ ಬೇರೆ ಅಕ್ಷರವನ್ನು ಜೋಡಿಸಿ ನೆನಪಿಡುವುದು ಕಷ್ಟ. ಈ ವಾರವೇ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಶ್ರವಣ ಪರೀಕ್ಷೆ ಅಲ್ಲಿ ಆಗದಿದ್ದರೆ ಜಿಲ್ಲಾಸ್ಪತ್ರೆಗೆ ಬರೆದುಕೊಡಲು ಕೇಳಿ. ಕಣ್ಣಿನ ಪರೀಕ್ಷೆಯೂ ಆಗಲಿ. ಕಿವಿಗೆ ಎಣ್ಣೆ ಬಿಡಬೇಡಿ.

ನೀವು ಹೇಳುವುದನ್ನು ನೋಡಿದರೆ ಆಕೆ ಓದುತ್ತಿಲ್ಲ, ಪಾಠವನ್ನು ಬಾಯಿಪಾಠ ಮಾಡಿದ್ದಾಳೆ. ಅದು ದಡ್ಡತನವಲ್ಲ. ಅಷ್ಟನ್ನು ನೆನಪಿಡಬಲ್ಲ ಮಗು ತನಗೆ ಓದಲು ಬಾರದೆಂಬುದನ್ನು ಮುಚ್ಚಿಡಲು ದಿನವಿಡೀ ಹೆಣಗುತ್ತಿರಬಹುದು. ಕಾಗುಣಿತವನ್ನು ಸಾಲಾಗಿ ಹೇಳಿಸಬೇಡಿ, ಆ ಸಾಲೂ ಬಾಯಿಪಾಠವೇ ಆಗುತ್ತದೆ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು ಚೀಟಿಗಳಲ್ಲಿ ಬರೆದು ಸರ, ಅರಸ, ದಸರ ಎಂದು ಆಕೆಯೇ ಜೋಡಿಸಲಿ; ಅವು ಗಟ್ಟಿಯಾದ ಮೇಲೆ ಒಂದೊಂದೇ ಸ್ವರಚಿಹ್ನೆ ಸೇರಿಸಿ ರಾಗಿ, ಗಿರಿ ಎಂದು ಮುಂದುವರಿಯಿರಿ. ಪುಸ್ತಕವಿಲ್ಲದೆ ಬಾಯಿಮಾತಿನಲ್ಲಿ, ‘ಅರಸ’ದಿಂದ ‘ಅ’ ತೆಗೆದರೆ ಏನು ಉಳಿಯುತ್ತದೆಂದು ಕೇಳಿ. ದಿನಕ್ಕೆ ಹತ್ತು ನಿಮಿಷ ಸಾಕು.

ತೆಲುಗು ಖಂಡಿತ ನಿಲ್ಲಿಸಬೇಡಿ. ತೆಲುಗಿನಲ್ಲಿ ಕಥೆ ಕೇಳಿ ಬೆಳೆಸಿಕೊಂಡ ಗ್ರಹಿಕೆ ಕನ್ನಡ ಓದಿಗೂ ಒದಗುತ್ತದೆ. ಎರಡೂ ಭಾಷೆಗಳಲ್ಲಿ ಅಕ್ಷರ ಮತ್ತು ಗುಣಿತದ ವ್ಯವಸ್ಥೆಯೂ ಒಂದೇ ಬಗೆಯದು.

ಅಜ್ಜಿ, ತಿಪಟೂರು: ಬಜೆಯನ್ನು ಜೇನಿನಲ್ಲಿ ತೇಯ್ದು ನಾಲಿಗೆಗೆ ಹಚ್ಚಿದರೆ ಓದು ಬರುತ್ತದೆಂದು ಬಂದಿರುವ ಸಂದೇಶವನ್ನು ಕಳುಹಿಸಿದ್ದೇನೆ.

ವಿಶೇಷ ಶಿಕ್ಷಕಿ: ದಯವಿಟ್ಟು ಅಳಿಸಿ, ಅಮ್ಮ. ಬಜೆಯಲ್ಲಿರುವ ಅಸರೋನ್ ಎಂಬ ರಾಸಾಯನಿಕ ವಿಷಕಾರಿಯಾಗಬಲ್ಲದು, ಅದರಿಂದ ಓದು ಬರುವುದಿಲ್ಲ.



ತಂದೆ, ಗುಬ್ಬಿ: ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಕ್ಕಳು ಓದುವ ತರಬೇತಿಯ ವೀಡಿಯೊ ಇಲ್ಲಿದೆ.

ವಿಶೇಷ ಶಿಕ್ಷಕಿ: ಅದು ವಂಚನೆ. ಮಕ್ಕಳು ಮೂಗಿನ ಪಕ್ಕದ ಸಂದಿನಿಂದ ನೋಡುತ್ತಾರೆ. ಇಂಥವನ್ನು ಇನ್ನು ಹಾಕಬೇಡಿ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ.

ತಾಯಿ, ತುಮಕೂರು: ನನ್ನ ಮಗಳಿಗೂ ಐದೂವರೆ ವರ್ಷ, ಓದುತ್ತಿಲ್ಲ.

ವಿಶೇಷ ಶಿಕ್ಷಕಿ: ಶಿರಾದವರಿಗೆ ಬರೆದದ್ದನ್ನು ನೋಡಿ.

ತಂದೆ, ಗುಬ್ಬಿ: ಪಾವಗಡದವರು ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಲಿ. ಒತ್ತಕ್ಷರದ ಕಾಟವಿರುವುದಿಲ್ಲ.

ಸರ್ಕಾರಿ ಶಾಲಾ ಶಿಕ್ಷಕ, ಮಧುಗಿರಿ: ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಹಲವು ಉಚ್ಚಾರಣೆಗಳಿವೆ, ಅದು ಕಾಟವಲ್ಲವೇ? ಕನ್ನಡದಲ್ಲಿ ಚಿಹ್ನೆಗಳು ಹೆಚ್ಚು, ನಾಲ್ಕನೇ ತರಗತಿಯವರೆಗೂ ಕಲಿಕೆ ಸಾಗುತ್ತದೆ, ಆದರೆ ಬರೆದಂತೆ ಓದಬಹುದು.

ತಂದೆ, ಗುಬ್ಬಿ: ನಿಮ್ಮ ಮಕ್ಕಳು ಯಾವ ಶಾಲೆಯಲ್ಲಿದ್ದಾರೆಂದು ಮೊದಲು ಹೇಳಿ.

ಸರ್ಕಾರಿ ಶಾಲಾ ಶಿಕ್ಷಕ, ಮಧುಗಿರಿ: ನನ್ನ ಶಾಲೆಯಲ್ಲೇ ಇದ್ದಾರೆ. ಮಾತಿನಲ್ಲಿ ಹಿಡಿತವಿರಲಿ.

ತಾಯಿ, ಪಾವಗಡ: ಮೇಡಂ, ಅವಳ ಶಿಕ್ಷಕರಿಗೆ ಏನು ಹೇಳಲಿ? ಇದು ಡಿಸ್ಲೆಕ್ಸಿಯಾ (ಓದು ಕಲಿಯಲು ಕಷ್ಟವಾಗುವ ಕಲಿಕಾ ತೊಂದರೆ) ಇರಬಹುದೇ?

ವಿಶೇಷ ಶಿಕ್ಷಕಿ: ಮಾಧ್ಯಮದ ಜಗಳವನ್ನು ಇಬ್ಬರೂ ಬೇರೆಡೆ ಮಾಡಿಕೊಳ್ಳಿ. ತಾಯಿಯವರೇ, ಈಗಲೇ ಆ ಹೆಸರು ಬೇಡ. ಕಿವಿಗೆ ಚಿಕಿತ್ಸೆಯಾಗಿ, ಕೆಲವು ತಿಂಗಳು ಅಭ್ಯಾಸ ನಡೆದ ಮೇಲೂ ಅಕ್ಷರ ನಿಲ್ಲದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಪರೀಕ್ಷೆ ಮಾಡಿಸೋಣ. ಅಲ್ಲಿಯವರೆಗೆ ಆಕೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಲು, ಒಬ್ಬಳನ್ನೇ ನಿಲ್ಲಿಸಿ ಓದಿಸದೆ ಜೊತೆಗಾತಿಯೊಂದಿಗೆ ಓದಿಸಲು ಶಿಕ್ಷಕರನ್ನು ಕೇಳಿಕೊಳ್ಳಿ. ಶ್ರವಣ ಪರೀಕ್ಷೆಯ ವರದಿ ಬಂದ ಕೂಡಲೇ ನನಗೆ ತಿಳಿಸಿ.