ಹೆಸ್ಪೆರಿಡಿನ್‌ನಿಂದ ಮೊಣಕಾಲಿನ ಊತ ಇಳಿದವರಿದ್ದೀರಾ?

ಹೊಸಹಾದಿ: ಮೊಣಕಾಲು ಸವೆತ. ನೋವಿನ ಮಾತ್ರೆ ಹೊಟ್ಟೆಗೆ ಆಗುತ್ತಿಲ್ಲ. ಕಿತ್ತಳೆ ಸಿಪ್ಪೆಯಿಂದ ತೆಗೆದ ಹೆಸ್ಪೆರಿಡಿನ್ ಉರಿಯೂತ ಇಳಿಸುತ್ತದೆ ಅಂತಾರೆ. ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್ ನಡೆಯುತ್ತಿದೆ. ತಗೊಂಡವರು ಅನುಭವ ಹೇಳಿ.

ಮುಂಜಾವು: ನನ್ನದು ಮೂಲವ್ಯಾಧಿ. ಹೆಸ್ಪೆರಿಡಿನ್‌ನದೇ ಜಾತಿಯ ಡಯಾಸ್ಮಿನ್ 450, ಹೆಸ್ಪೆರಿಡಿನ್ 50 ಮಿಲಿಗ್ರಾಂ ಇರುವ ಮಾತ್ರೆ ಬರೆದುಕೊಟ್ಟರು. ನಾಲ್ಕು ದಿನ ದಿನಕ್ಕೆ 6, ಆಮೇಲೆ ಮೂರು ದಿನ 4. ಒಟ್ಟು 36. ಎರಡನೇ ದಿನ ಹೊಟ್ಟೆ ತೊಳೆಸಿತು, ಮೂರನೇ ದಿನ ಭೇದಿ. ಬಿಡಲಿಲ್ಲ. ಐದನೇ ದಿನ ಕೂತು ಊಟ ಮಾಡಿದೆ, ಮೂರು ವಾರದ ಮೇಲೆ! ಇದನ್ನು ಬರೀ ಸಿಪ್ಪೆ ಅನ್ನುವವರನ್ನು ಕಂಡರೆ ಸಿಟ್ಟು ಬರುತ್ತದೆ.

ದೂರದಾರಿ: ನಿಮ್ಮದು ರಕ್ತನಾಳದ ತೊಂದರೆ, ಕೀಲಿನದಲ್ಲ. ನಾನು ಮೊಣಕಾಲಿಗೇ ದಿನಕ್ಕೆ 500 ಮಿಲಿಗ್ರಾಂ ಹೆಸ್ಪೆರಿಡಿನ್ ಐದು ತಿಂಗಳು ನುಂಗಿದೆ. 150 ಮಾತ್ರೆ. ವಾರಕ್ಕೊಮ್ಮೆ ಟೇಪ್ ಹಿಡಿದು ಸುತ್ತಳತೆ ಬರೆದಿಟ್ಟೆ. ಅರ್ಧ ಸೆಂಟಿಮೀಟರೂ ಇಳಿಯಲಿಲ್ಲ. ಹೆಸ್ಪೆರಿಡಿನ್ ಹಾಗೇ ರಕ್ತಕ್ಕೆ ಸೇರುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದರ ಸಕ್ಕರೆ ಕತ್ತರಿಸಿ ಹೆಸ್ಪೆರೆಟಿನ್ ಮಾಡಬೇಕು. ಆ ಬ್ಯಾಕ್ಟೀರಿಯಾ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಟಿಎನ್‌ಎಫ್, ಐಎಲ್-6 ಎಂಬ ಉರಿಯೂತದ ಪ್ರೋಟೀನ್ ಇಳಿಯಿತು ಅಂತ ಕೊಂಡಾಡುವುದೆಲ್ಲ ಜಾಸ್ತಿ ಇಲಿಗಳ ಮೇಲಿನ ಪ್ರಯೋಗ ನೋಡಿ.

ಮುಂಜಾವು: ನಿಮಗೆ ಆಗಲಿಲ್ಲ ಅಂತ ನನ್ನ ಐದನೇ ದಿನ ಸುಳ್ಳಾ? ನಾನೇನು ಇಲಿಯಾ?

ಹಸಿರೆಲೆ: ಇಬ್ಬರೂ ಸುಮ್ನೆ ಮಾತ್ರೆ ಲೆಕ್ಕ ಹಾಕುತ್ತಿದ್ದೀರಿ. ನಾನು ಕಿತ್ತಳೆಯನ್ನು ಬಿಳಿ ನಾರಿನ ಸಮೇತ ತಿನ್ನುತ್ತೇನೆ. ತೊಳೆಗಿಂತ ಅದರಲ್ಲೇ ಹೆಸ್ಪೆರಿಡಿನ್ ಜಾಸ್ತಿ. ಜೊತೆಗೆ ದಿನಾ ಒಂದು ಲೋಟ ಗ್ರೇಪ್‌ಫ್ರೂಟ್ ರಸ. ಅದರ ಕಹಿಯೇ ನರಿಂಜಿನ್, ಅದೂ ಹೆಸ್ಪೆರಿಡಿನ್ ಜಾತಿಯದೇ. ನಾಲ್ಕು ವರ್ಷದಿಂದ ಬೆರಳು ಊದಿಲ್ಲ.

ಕಡಲತೀರ: ಕೇಳಿದವರು ಸಿಮ್ವಾಸ್ಟಾಟಿನ್ ಅಂದಿದ್ದಾರೆ, ಓದಿದಿರಾ? ಗ್ರೇಪ್‌ಫ್ರೂಟಿನ ಫ್ಯುರಾನೊಕೌಮರಿನ್ ಎಂಬ ರಾಸಾಯನಿಕ, ಆ ಮಾತ್ರೆಯನ್ನು ಒಡೆಯುವ ಕರುಳಿನ ಸಿವೈಪಿ3ಎ4 ಕಿಣ್ವವನ್ನು ಕೆಡಿಸುತ್ತದೆ. ಮಾತ್ರೆ ರಕ್ತದಲ್ಲಿ ಏರುತ್ತದೆ. ನಾನು ಬೆಳಿಗ್ಗೆ ರಸ, ರಾತ್ರಿ ಅದೇ ಮಾತ್ರೆ, ನಡುವೆ ಅಷ್ಟು ಹೊತ್ತು ಇದೆಯಲ್ಲ ಅಂದುಕೊಂಡಿದ್ದೆ. ರಸದ ಪ್ರಭಾವ ಒಂದು ದಿನ ಕಳೆದರೂ ಹೋಗುವುದಿಲ್ಲ. ತೊಡೆ ಕಲ್ಲಾಯಿತು. ಸ್ನಾಯು ಒಡೆದು ಮೂತ್ರ ಕಂದು ಬಣ್ಣಕ್ಕೆ ತಿರುಗಿತು. ಆರು ದಿನ ಡ್ರಿಪ್. ಹನ್ನೊಂದು ವಾರ ಮೆಟ್ಟಿಲು ಹತ್ತಲು ಕೈ ಹಿಡಿಯುವವರು ಬೇಕಾಯಿತು. ಚಕ್ಕೋತದಲ್ಲೂ ಆ ರಾಸಾಯನಿಕವೇ ಇದೆ.

ಹಸಿರೆಲೆ: ಹಣ್ಣನ್ನು ವಿಷ ಅಂತ ಹೆದರಿಸಬೇಡಿ. ನನಗೇನೂ ಆಗಿಲ್ಲ.

ಕಡಲತೀರ: ನೀವು ಯಾವ ಮಾತ್ರೆ ತಗೊಳ್ತೀರಿ?

ಹಸಿರೆಲೆ: ಒಂದೂ ಇಲ್ಲ.

ಕಡಲತೀರ: ಮತ್ತೆ ಅವರಿಗೆ ಯಾಕೆ ಹೇಳ್ತೀರಿ?

ಮುಂಜಾವು: ದೂರದಾರಿ ಅವರು ನನಗಿನ್ನೂ ಉತ್ತರ ಕೊಟ್ಟಿಲ್ಲ.

ದೂರದಾರಿ: ಸುಳ್ಳು ಅನ್ನಲಿಲ್ಲ. ನನ್ನ 150 ಮಾತ್ರೆಯೂ ಸುಳ್ಳಲ್ಲ.