ಡಿಟಿಪಿ ಕೆಲಸಕ್ಕೆ ಯಾವ ಪ್ಯಾನೆಲ್?

ಪ್ರಶ್ನೆ: ನಮಸ್ಕಾರ ಸರ್. ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆಯೇ ಜಾಸ್ತಿ. ನನ್ನ ಹಳೇ ಟಿಎನ್ ಮಾನಿಟರ್‌ನಲ್ಲಿ ನೋಡಿದ ಕುಂಕುಮ ಕೆಂಪು ಪ್ರಿಂಟ್‌ನಲ್ಲಿ ಬೇರೆಯೇ ಬರುತ್ತದೆ. ಅಂಗಡಿಯವರು 27 ಇಂಚಿನ ವಿಎ ತಗೊಳ್ಳಿ ಅಂತಾರೆ. ರಾತ್ರಿ ಮಕ್ಕಳು ಅದರಲ್ಲೇ ಸಿನಿಮಾ ನೋಡುತ್ತಾರೆ. ಏನು ಮಾಡಲಿ?

ಉತ್ತರ: ಐಪಿಎಸ್ ತಗೊಳ್ಳಿ ಮೇಡಂ. ಟಿಎನ್, ವಿಎ, ಐಪಿಎಸ್ ಮೂರೂ ಎಲ್‌ಸಿಡಿ ಪ್ಯಾನೆಲ್‌ನ, ಅಂದರೆ ಮಾನಿಟರ್ ಪರದೆಯ, ಬಗೆಗಳು. ಟಿಎನ್‌ನಲ್ಲಿ ತಲೆ ಸ್ವಲ್ಪ ಮೇಲೆ ಕೆಳಗೆ ಆದರೂ ಬಣ್ಣ ಬದಲಾಗುತ್ತದೆ. ಹಾಗಾಗಿ ಯಾವ ಕೆಂಪನ್ನು ನಂಬಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಐಪಿಎಸ್‌ನಲ್ಲಿ ದ್ರವ ಹರಳುಗಳು ಗಾಜಿಗೆ ಸಮಾನಾಂತರವಾಗಿಯೇ ತಿರುಗುತ್ತವೆ. ಅದಕ್ಕೇ ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಕದಲುವುದಿಲ್ಲ.

ಅಂಗಡಿಯವರ ಮಾತಿನಲ್ಲೂ ಹುರುಳಿದೆ. ವಿಎ ಕಾಂಟ್ರಾಸ್ಟ್ (ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗುತ್ತದೆ ಅನ್ನುವ ಲೆಕ್ಕ) ಸಾಮಾನ್ಯವಾಗಿ 3000:1 ಆಸುಪಾಸು ಇರುತ್ತದೆ, ಮಾಮೂಲಿ ಐಪಿಎಸ್‌ದು 1000:1. ಕತ್ತಲೆ ಕೋಣೆಯಲ್ಲಿ ಸಿನಿಮಾ ನೋಡಲು ವಿಎ ಒಳ್ಳೆಯದೇ. ಐಪಿಎಸ್‌ನ ಮೂಲೆಗಳು ಆಗ ಬೂದು ಬೂದಾಗಿ ಹೊಳೆಯುತ್ತವೆ. ಆದರೆ ದೊಡ್ಡ ವಿಎ ಪರದೆಯನ್ನು ಹತ್ತಿರದಿಂದ ನೋಡಿದಾಗ ಒಂದೇ ಬಣ್ಣ ನಡುವೆ ಗಾಢ, ಅಂಚಿನಲ್ಲಿ ಪೇಲವ ಕಾಣಬಹುದು. ಪತ್ರಿಕೆ ಡಿಸೈನ್ ಮಾಡುವವರಿಗೆ ಇದು ತುಂಬಾ ತೊಂದರೆ.

ಪ್ರಶ್ನೆ: ಹಾಗಾದರೆ ದುಡ್ಡು ಸೇರಿಸಿ ಓಎಲ್‌ಇಡಿಗೆ ಹೋಗಬಹುದಾ?

ಉತ್ತರ: ಸಿನಿಮಾಕ್ಕೆ ಅದರ ಮುಂದೆ ಯಾವುದೂ ಇಲ್ಲ. ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಆರಿದರೆ ಅಪ್ಪಟ ಕಪ್ಪು. ಆದರೆ ನಿಮ್ಮ ಪರದೆಯ ಮೇಲೆ ಅದೇ ಟೂಲ್‌ಬಾರ್ ಇಡೀ ದಿನ ಇರುತ್ತದೆ ಅಲ್ವಾ? ವರ್ಷಗಳು ಕಳೆದಂತೆ ಅದರ ಗುರುತು ಉಳಿದುಬಿಡುವ ಅಪಾಯವಿದೆ. ಇನ್ನೊಂದು ವಿಷಯ: ಹಲವು ಓಎಲ್‌ಇಡಿ ಮಾನಿಟರ್‌ಗಳಲ್ಲಿ ಕೆಂಪು, ಹಸಿರು, ನೀಲಿ ಚುಕ್ಕೆಗಳ ಜೋಡಣೆ ಬೇರೆ ಥರ. ಸಣ್ಣ ಅಕ್ಷರದ ಅಂಚಿನಲ್ಲಿ ಬಣ್ಣದ ಎಳೆ ಕಾಣುತ್ತದೆ. ‘ಸ್ತ್ರೀ’ ಥರದ ಒತ್ತಿನ ಮೇಲೊತ್ತು ಬರುವ ಅಕ್ಷರ ತಿದ್ದುವಾಗ ಕಣ್ಣಿಗೆ ಕಿರಿಕಿರಿ.

ಆ ದುಡ್ಡನ್ನು ರೆಸಲ್ಯೂಶನ್‌ಗೆ ಹಾಕಿ. 27 ಇಂಚಿನಲ್ಲಿ 1920×1080 ಅಂದರೆ ಇಂಚಿಗೆ ಸುಮಾರು 82 ಪಿಕ್ಸೆಲ್ ಮಾತ್ರ, ಒತ್ತಕ್ಷರ ಕಲಸಿಹೋಗುತ್ತದೆ. 2560×1440 ಆದರೆ ಸುಮಾರು 109.

ಪ್ರಶ್ನೆ: ಐಪಿಎಸ್ ತಂದರೆ ಪ್ರಿಂಟ್ ಬಣ್ಣ ಸರಿಹೋಗುತ್ತದಾ ಸರ್?

ಉತ್ತರ: ಪ್ಯಾನೆಲ್ ಒಂದರಿಂದಲೇ ಆಗದು. ಬ್ರೈಟ್‌ನೆಸ್ ಇಳಿಸಿ, ಕ್ಯಾಲಿಬ್ರೇಶನ್ (ಪರದೆಯ ಬಣ್ಣ ಅಳೆದು ಸರಿಪಡಿಸುವುದು) ಮಾಡಿಸಿ, ಪ್ರೆಸ್‌ನವರಿಂದ ಅವರ ಸಿಎಂವೈಕೆ ಪ್ರೊಫೈಲ್ (ಅವರ ಮುದ್ರಣದಲ್ಲಿ ಶಾಯಿಯ ಬಣ್ಣ ಹೇಗೆ ಬರುತ್ತದೆ ಎಂದು ತಿಳಿಸುವ ಫೈಲ್) ಕೇಳಿ ಹಾಕಿಕೊಳ್ಳಿ. ಕೊಳ್ಳುವ ಮುಂಚೆ ನಿಮ್ಮದೇ ಪತ್ರಿಕೆಯ ಫೈಲ್ ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯಲ್ಲಿ ತೆರೆಸಿ. ಪ್ರಿಂಟ್ ಆದ ಪ್ರತಿಯೂ ಕೈಯಲ್ಲಿರಲಿ.